ಹೊಸದಾಗಿ ತಯಾರಿಸಿದ ಫೈಲು

ಊದಿಕೊಂಡ ಕಿರುಬೆರಳನ್ನು ಮೇಲೆತ್ತಿ ಹಿಡಿದುಕೊಂಡೇ ಅವಳು ಆ ಒಂದು ಸಾಲನ್ನು ಟೈಪ್ ಮಾಡಿದಳು: ಬಾಗಿಲು ಯಾವಾಗಲೂ ಮುಚ್ಚಿದೆ. ಫೈಲನ್ನು ಲೋಹದ ತಗಡು ಒತ್ತುವ ದೊಡ್ಡ ಪ್ರೆಸ್ಸಿನ ಕಂಟ್ರೋಲರಿಗೆ ಇಳಿಸಿದಳು. ಇನ್ನು ಬಾಗಿಲು ತೆಗೆದರೂ ಪ್ರೆಸ್ ನಿಲ್ಲುವುದಿಲ್ಲ. ಗಂಟೆ ಒಂಬತ್ತೂವರೆ. ಹತ್ತಕ್ಕೆ ಅವಳ ಗಂಡ ಅಚ್ಚು ಒರೆಸಲು ಭುಜದವರೆಗೂ ಅದರೊಳಗೆ ಬಾಗುತ್ತಾನೆ. ನಲವತ್ತು ಸೆಕೆಂಡಿಗೊಮ್ಮೆ ಅಲ್ಲಿ ಇನ್ನೂರು ಟನ್ ಕೆಳಗಿಳಿಯುತ್ತದೆ.

ಅವನು ಆ ಕಾರ್ಖಾನೆಯ ಫೋರ್‌ಮನ್. ಹೊರಗೆ ಬೆಣ್ಣೆಯಂಥ ಮನುಷ್ಯ, ಯಾರಿಗೆ ಕಷ್ಟವೆಂದರೂ ಮೊದಲು ಓಡುವವನು. ಮನೆಯ ಚಿಲಕ ಹಾಕಿದರೆ ಬೇರೆಯೇ ಅವತಾರ. ಮದುವೆಯಾದ ವರ್ಷವೇ ಕೆನ್ನೆಗೆ ಬಾರಿಸಿ ಅವಳ ಪಾಸ್‌ವರ್ಡುಗಳನ್ನೆಲ್ಲ ಹೇಳಿಸಿಕೊಂಡಿದ್ದ. ಗಂಡನಿಂದ ಮುಚ್ಚಿಡುವಂಥದ್ದು ಏನಿದೆ ಎಂಬುದು ಅವನ ವಾದ. ನಿನ್ನೆ ಸಂಜೆ ಅವಳು, ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಿದ್ದಳು. ಅವನು ಕೂದಲು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಬೆರಳು ತಿರುಚಿದ. ಆಮೇಲೆ ಕೈ ತೊಳೆದುಕೊಂಡು, ಕಾರ್ಖಾನೆಯಲ್ಲಿ ಸ್ವಲ್ಪ ಕೆಲಸ ಬಾಕಿಯಿದೆ ಎಂದು ಹೊರಟೇಹೋದ. ಇಂಥವನನ್ನು ಮನುಷ್ಯನೆನ್ನುತ್ತಾರೆಯೇ?

ಸಿಕ್ಕಿಬೀಳುವ ಭಯ ಅವಳಿಗಿರಲಿಲ್ಲ. ಕಾರ್ಖಾನೆಯ ಪ್ರೋಗ್ರಾಮರ್ ಅವಳೊಬ್ಬಳೇ. ಅವಳ ಸಾಫ್ಟ್‌ವೇರಿನಲ್ಲಿ ಮೂಲ ಪ್ರಾಜೆಕ್ಟ್ ಬೇರೆ, ಅದರಿಂದ ತಯಾರಾಗಿ ಯಂತ್ರಕ್ಕೆ ಹೋಗುವ ಕಾನ್ಫಿಗರೇಶನ್ ಫೈಲ್ ಬೇರೆ. ಅವಳು ಕೈಹಾಕಿದ್ದು ತಯಾರಾದ ಫೈಲಿಗೆ ಮಾತ್ರ. ಪರದೆಯ ಮೇಲಿನ ‘ತಯಾರಿಸು’ ಗುಂಡಿ ಒತ್ತಿದರೆ ಸಾಫ್ಟ್‌ವೇರ್ ಮೂಲದಿಂದ ಹೊಸ ಫೈಲ್ ಹೊಸೆಯುತ್ತದೆ, ಕೈಯಿಂದ ತಿದ್ದಿದ್ದೆಲ್ಲ ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತದೆ. ದಿನಾ ಮಧ್ಯಾಹ್ನ ಒಂದೂವರೆಗೆ, ಎರಡಕ್ಕೆ ಪ್ರೆಸ್ಸಿನೊಳಗೆ ಬಗ್ಗಿ ಸೆನ್ಸರ್ ತಪಾಸಣೆ ಮಾಡುವ ಮುಂಚೆ, ಅವಳು ಹೇಗೂ ಆ ಗುಂಡಿ ಒತ್ತುತ್ತಿದ್ದಳು.

ಬಾಗಿಲು ತಳ್ಳಿಕೊಂಡು ಗಂಡ ಒಳಗೆ ಬಂದ. ಅವಳು ತಟಕ್ಕನೆ ಫೈಲನ್ನು ಮುಚ್ಚಿದಳು. ಅವನು ಕುರ್ಚಿ ಎಳೆದು ಕೂತು, ಅವಳ ಬೆರಳು ನೋಡಿ ತಲೆ ತಗ್ಗಿಸಿದ.

“ನಿನ್ನೇದೇ ಕೊನೆ. ಇನ್ಮೇಲೆ ನಿನ್ ಮೇಲೆ ಕೈ ಎತ್ತಲ್ಲ. ಮಗಳ ಮೇಲಾಣೆ.”

ಬೆರಳು ನೋವೆಂದು ಮಧ್ಯಾಹ್ನದ ತಪಾಸಣೆಯನ್ನು ಬೇರೆಯವರಿಗೆ ವಹಿಸಬೇಡ, ನೀನೇ ನೋಡಿದರೆ ನನಗೆ ನಿಶ್ಚಿಂತೆ ಎಂದು ಹೇಳಿ, ಅವನು ಮೆಲ್ಲಗೆ ಎದ್ದುಹೋದ.

ಎಂಟು ವರ್ಷದಲ್ಲಿ ಅವನು ಆಣೆಯಿಟ್ಟದ್ದು ಇದೇ ಮೊದಲು. ಇದಕ್ಕೆಲ್ಲ ಕರಗಬೇಡ ಎಂದು ಅವಳು ತನ್ನನ್ನೇ ಬೈದುಕೊಂಡಳು. ಆದರೆ ಮಗಳು ದೊಡ್ಡವಳಾಗಿ, ಅಪ್ಪ ಹೇಗೆ ಸತ್ತ ಎಂದು ಕೇಳಿದರೆ ಯಾವ ಬಾಯಲ್ಲಿ ಹೇಳುವುದು? ಅವನು ಎಂಥವನೇ ಇರಲಿ, ತಾನು ಕೊಲೆಗಾತಿಯಾಗಬಾರದು. ಇವತ್ತೇ ಅಕ್ಕನ ಮನೆಗೆ ಹೋದರಾಯಿತು.

ಆಗಲೇ ಒಂಬತ್ತು ಐವತ್ತು. ಆ ಸಾಲನ್ನು ಹುಡುಕಿ ಅಳಿಸುವ ತಾಳ್ಮೆ ಇರಲಿಲ್ಲ. ಗುಂಡಿಯನ್ನೇ ಒತ್ತಿದಳು. ಹೊಸ ಫೈಲ್ ತಯಾರಾಯಿತು. ಕಂಟ್ರೋಲರಿಗೆ ಇಳಿಸಿದಳು, ಹಸಿರು ದೀಪ ಹತ್ತಿತು. ಹೋದ ಜೀವ ಬಂದಂತಾಗಿ ಮೇಜಿಗೆ ಹಣೆಯಿಟ್ಟಳು.

ಹತ್ತು ಗಂಟೆ ಎರಡು ನಿಮಿಷಕ್ಕೆ ಕೆಳಗೆ ಜನ ಕಿರುಚಿಕೊಂಡರು.

ಅವಳು ಓಡಿದಳು. ಪ್ರೆಸ್ಸಿನ ಬಾಗಿಲು ತೆರೆದಿತ್ತು. ಯಾರೋ ಕೆಂಪು ಗುಂಡಿ ಗುದ್ದುವಷ್ಟರಲ್ಲಿ ಅದು ಎರಡು ಸಲ ಇಳಿದಿತ್ತು. ಅಚ್ಚಿನ ಅಂಚಿನಿಂದ ರಕ್ತ ದಪ್ಪಗೆ ಸುರಿದು ಅವನ ಬೂಟುಗಳ ಸುತ್ತ ಹರಡುತ್ತಿತ್ತು. ಭುಜದಿಂದ ಮೇಲೆ ಅವನೆಂಬುವನು ಉಳಿದಿರಲಿಲ್ಲ. ಆಪರೇಟರ್ ಮೂಲೆಗೆ ಹೋಗಿ ವಾಂತಿ ಮಾಡಿದ.

ಫೈಲ್ ಸರಿಯಾಗಿ ಇಳಿದಿಲ್ಲ, ಕೊಂದೇಬಿಟ್ಟೆ ಎಂದು ಬಡಬಡಿಸುತ್ತ ಅವಳು ಕೋಣೆಗೆ ಮರಳಿ ಹೊಸ ಫೈಲನ್ನು ತೆರೆದಳು. ಸಾಲು ಅಲ್ಲೇ ಇತ್ತು: ಬಾಗಿಲು ಯಾವಾಗಲೂ ಮುಚ್ಚಿದೆ. ಆದರೆ ಹೊಸ ಫೈಲಿಗೆ ಅದು ಬರುವುದಾದರೆ ಮೂಲ ಪ್ರಾಜೆಕ್ಟಿನಿಂದಲೇ ಬರಬೇಕು. ಮೂಲವನ್ನು ಅವಳು ಮುಟ್ಟಿರಲೇ ಇಲ್ಲ.

ತಿದ್ದುಪಡಿಗಳ ದಾಖಲೆ ತೆಗೆದಳು. ತಿದ್ದಿದವರು ಎಂಬಲ್ಲಿ ಅವಳದೇ ಲಾಗಿನ್. ಸಮಯ ನಿನ್ನೆ ಸಂಜೆ ಏಳು ನಲವತ್ತು. ಆ ಹೊತ್ತಿಗೆ ಅವಳು ಮನೆಯ ಬಚ್ಚಲಲ್ಲಿ ತಲೆಯ ರಕ್ತ ತೊಳೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಒಂದೂವರೆಗೆ ಆ ಫೈಲನ್ನು ತನ್ನ ಕೈಯಾರೆ ತಯಾರಿಸಿ, ಎರಡು ಗಂಟೆಗೆ ಆ ಬಾಗಿಲೊಳಗೆ ತಲೆ ತೂರಿಸಬೇಕಿದ್ದವಳು ಅವಳು.