ಮುಚ್ಚಿಟ್ಟ ಕಾಲುವೆ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ತಪ್ಪಿದ್ದರೆ ಮನ್ನಿಸಿ. ಬೆಂಕಿಬೆಟ್ಟದ ತಪ್ಪಲಿನವರು ಮನೆ ಕಟ್ಟುವುದಿಲ್ಲ, ಬೆಳೆಸುತ್ತಾರೆ. ಬಿದಿರಿನ ತಡಿಕೆಯ ಮೇಲೆ ನೆಲದಿಂದ ಉಕ್ಕುವ ಬಿಸಿ ಊಟೆಯ ನೀರು ಹರಿಸಿದರೆ ಅದರಲ್ಲಿ ಕರಗಿದ ಸುಣ್ಣಗಲ್ಲು ಪದರಪದರವಾಗಿ ಕೂತು ಗೋಡೆಯಾಗುತ್ತದೆ.

ಈ ಸಲ ನೀರಿನ ಸರದಿ ಗುರಸಿದ್ದವ್ವನದು. ಸೊಸೆಗೆ ದಿನ ತುಂಬುತ್ತಿತ್ತು, ಬಾಣಂತಿಗೊಂದು ಕೋಣೆ ಬೇಕಿತ್ತು. ಕಾಲುವೆ ನೋಡಿಕೊಳ್ಳುವ ಶಾಂಭವಿ, ಬೆಟ್ಟದ ಬೂದಿ ಬೀಳದಿರಲೆಂದು ಊಟೆಯಿಂದ ತಡಿಕೆಯವರೆಗೂ ಹಾಸುಗಲ್ಲು ಮುಚ್ಚಿ, ಸಂದಿಗೆಲ್ಲ ಜೇಡಿಮಣ್ಣು ಮೆತ್ತಿದ್ದಳು. ತಿಂಗಳಾದರೂ ತಡಿಕೆ ಬರೀ ಒದ್ದೆಯಾಗಿತ್ತು.

ಗುರಸಿದ್ದವ್ವ ಒಂದು ಹಾಸುಗಲ್ಲು ಎತ್ತಿದಳು. ನೀರು ಸೋಡಾದಂತೆ ಬುಸುಗುಟ್ಟಿ ಒಳಗಿನ ಗಾಳಿ ಬಿಟ್ಟಿತು.

"ಏನ ಮಾಡಿಟ್ಟೀಯಬೇ! ನೀರು ಉಸಿರು ಬಿಟ್ಟ ಮ್ಯಾಲಲ್ಲೇನು ಕಲ್ಲು ಕೂಡೋದು? ಅದರ ಬಾಯಿಗೇ ಬಿರಡಿ ಜಡದೀಯಲ್ಲ! ಕಲ್ಲೆಲ್ಲ ಮುಂದ ಹೋಗಿ ಗಟಾರದಾಗ ಕುಂತೈತಿ. ತೊಟ್ಟಿಲಾ ಅಲ್ಲೇ ಕಟ್ಟಲೇನು?"

"ನೀರು ಸ್ವಚ್ಛ ಇರಲಿ ಅಂತ, ದೊಡ್ಡವ್ವ..."

ಶಾಂಭವಿ ತಲೆಯೆತ್ತದೆ ಮೊಣಕಾಲೂರಿ ಮಿಕ್ಕ ಹಾಸುಗಲ್ಲುಗಳನ್ನು ಕೀಳತೊಡಗಿದಳು. ಗುರಸಿದ್ದವ್ವ ಬೈಯುವುದನ್ನು ಬಿಟ್ಟು ಪಕ್ಕದಲ್ಲೇ ಕೂತು ಕೈಹಚ್ಚಿದಾಗ, ಬೈಗುಳವೇ ಎಷ್ಟೋ ವಾಸಿಯಿತ್ತು ಎನ್ನಿಸಿ ಶಾಂಭವಿ ಇನ್ನಷ್ಟು ಕುಗ್ಗಿಹೋದಳು.

ಕೆಲವು ದಿನಗಳಲ್ಲಿ ತಡಿಕೆಯ ಮೇಲೆ ತೆಳ್ಳನೆಯ ಬಿಳಿ ಪೊರೆ ಕಂಡಿತು. ಗೋಡೆ ಮೊದಲು ಎದ್ದಿತೋ, ಕೂಸು ಮೊದಲು ಬಂತೋ, ನನಗೆ ಗೊತ್ತಿಲ್ಲ.