ಸಾಲಿನ ಕೊನೆಯ ಕರಡಿ

ಹೆಂಡತಿ ಕಿನುಯೊ, ಪ್ರವಾಸಿಗರಿಗೆ ಬೀದಿ ಸುತ್ತಲು ಪುಟ್ಟ ಬಂಡಿ ಬಾಡಿಗೆಗೆ ಕೊಡುವ ಗೋ-ಕಾರ್ಟ್ ಅಂಗಡಿಯ ಹಿಂಬಾಗಿಲಲ್ಲಿ ನುಸುಳಿದ್ದನ್ನು ತೊಕುಜಿ ಕಣ್ಣಾರೆ ಕಂಡ. ಹೂ ಜೋಡಿಸುವುದನ್ನು ಕಲಿಯಲು ಹೋಗುತ್ತೇನೆಂದು ಮನೆಯಿಂದ ಹೊರಟವಳು.

ಅಸಾಕುಸ ಪೇಟೆಯ ಸಿಗ್ನಲ್ ಪಕ್ಕದ ಚಹಾದಂಗಡಿಯ ಬೆಂಚಿನಲ್ಲಿ ಕೂತು ಅವನು ಕಾದ. ಸಿಟಿ ಬಸ್ಸು ಓಡಿಸಿ ನಿವೃತ್ತನಾದವನಿಗೆ ವಾರದಿಂದ ಇದೇ ಕೆಲಸ. ಇವತ್ತು ಮಾತ್ರ ಬಟ್ಟೆಬರೆಯ ಚೀಲವೂ ಜೊತೆಗಿತ್ತು. ಅನುಮಾನ ನಿಜವಾದರೆ ಮನೆಗೆ ಕಾಲಿಡದೆ ಅಣ್ಣನ ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದ್ದ.

ವಸಂತದಲ್ಲಿ ಅವಳು ಒಮ್ಮೆ ಕಾರಿನ ಕೀಲಿ ಕೇಳಿದ್ದಳು. "ನೀನಾ? ಮೂಲೆಯ ಅಕ್ಕಿ ಅಂಗಡಿಯೊಳಗೇ ನುಗ್ಗಿಸ್ತೀಯ" ಎಂದು ನಕ್ಕಿದ್ದ. ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಈಚೆಗೆ ಗುನುಗುತ್ತ ಮನೆಗೆ ಬರುತ್ತಾಳೆ. ಮೊನ್ನೆ ಸಂಜೆ ಅವನು ಕೇಳಿಯೂ ಇದ್ದ:

"ಹೂವಿಗೂ ಪೆಟ್ರೋಲ್ ವಾಸನೆ ಬಂತಾ?"

"ನಿಮ್ಮ ಮೂಗಿಗೆ ವಯಸ್ಸಾಯ್ತು ರೀ."

"ಗದ್ದದ ಕೆಳಗೆ ಅದೇನು ಕೆಂಪು?"

"ಸೊಳ್ಳೆ."

ಈಗ ಸಿಗ್ನಲ್ಲಿಗೆ ಗೋ-ಕಾರ್ಟ್‌ಗಳ ಸಾಲು ಬಂತು. ನೆಲಕ್ಕೆ ಅಂಟಿಕೊಂಡಂಥ ಪುಟ್ಟ ಬಂಡಿಗಳು, ವೇಷ ತೊಟ್ಟು ಕೇಕೆ ಹಾಕುವ ಪ್ರವಾಸಿಗರು. ಮುಂದೆ ದಾರಿ ತೋರಿಸುವ ಹಯಾಸೆ. ನಕ್ಕರೆ ಬೀದಿಯೇ ತಿರುಗಿ ನೋಡುವಂಥ ಚೆಲುವ. ಕಟ್ಟಕಡೆಗೆ, ಯಾರೂ ಹಿಂದುಳಿಯದಂತೆ ಕಾಯುವ ಬಂಡಿಯಲ್ಲಿ ಒಂದು ಕರಡಿ ವೇಷ. ದಿನವೂ ತೊಕುಜಿಯನ್ನು ಕಂಡು ಅದು ಕೈ ಎತ್ತುತ್ತಿತ್ತು, ಎದುರು ಬರುವ ಬಸ್ಸಿನ ಚಾಲಕನಿಗೆ ಚಾಲಕ ಎತ್ತುವ ಹಾಗೆ. ಇವನ ಕೈಯೂ ತಾನಾಗಿಯೇ ಏಳುತ್ತಿತ್ತು. ಹೊಟ್ಟೆಪಾಡಿಗೆ ವೇಷ ಕಟ್ಟಿದ ಯಾವನೋ ಹಳೆಯ ಡ್ರೈವರ್ ಇರಬೇಕು, ಪಾಪ.

ಇವತ್ತು ಅವನು ಕೈ ಎತ್ತಲಿಲ್ಲ. ಕೆಂಪು ದೀಪ ಬಿದ್ದದ್ದೇ ತಡ, ಚೀಲ ಹಿಡಿದು ನೇರ ಹಯಾಸೆಯ ಮುಂದೆ ನಿಂತ.

"ಕಿನುಯೊ ಗೊತ್ತೇನಯ್ಯಾ?"

ಹುಡುಗನ ಮುಖ ಅರಳಿತು. "ಗೊತ್ತಿಲ್ಲದೆ ಏನು ಸಾರ್! ಅವರಿಲ್ಲದೆ ನಾನು ಬೀದಿಗೇ ಇಳಿಯಲ್ಲ."

ತೊಕುಜಿ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ನಾನು ಯಾರು ಗೊತ್ತಾ?"

"ಅಯ್ಯೋ, ದಿನಾ ನಿಮ್ಮದೇ ಮಾತು! ಈ ಸಿಗ್ನಲ್ ಬಂದ್ರೆ ಸಾಕು, ಸ್ವಲ್ಪ ನಿಧಾನ ಹೋಗಪ್ಪಾ ಅಂತಾರೆ."

ನಾಚಿಕೆಯಿಲ್ಲದವರು. ಇಬ್ಬರೂ ಸೇರಿ ತನ್ನನ್ನು ಆಡಿಕೊಂಡು ನಗುತ್ತಿದ್ದಾರೆ. ತೊಕುಜಿ ಮುಷ್ಟಿ ಬಿಗಿದ. "ಎಲ್ಲಿದ್ದಾಳೆ ಅವಳು?"

ಹಯಾಸೆ ಉತ್ತರಿಸುವ ಮೊದಲೇ ಸಾಲಿನ ತುದಿಯಲ್ಲಿ ಹಾರ್ನ್ ಕೂಗಿತು. ಕರಡಿ ಗದ್ದದ ಕೆಳಗಿನ ಪಟ್ಟಿ ಬಿಚ್ಚಿ, ತಲೆಯನ್ನು ಕಳಚಿ ತೊಡೆಯ ಮೇಲಿಟ್ಟುಕೊಂಡಿತು.

"ಚೀಲ ಹಿಡ್ಕೊಂಡು ಎಲ್ಲಿಗೆ ಹೊರಟ್ರಿ? ಅಕ್ಕಿ ಅಂಗಡಿ ಇನ್ನೂ ನೆಟ್ಟಗೇ ನಿಂತಿದೆ ರೀ!"