ಕಡಲು ಕೊಂಡೊಯ್ದ ಊರಿನ ಹೆಸರು

"ಅಲುಗಾಡ್ಬೇಡಿ ಮೇಡಂ, ಸೂಜಿ ತಾಗ್ತದೆ," ಎಂದಳು ದುಬೈ ಹೋಟೆಲಿನ ಕೋಣೆಗಳನ್ನು ನೋಡಿಕೊಳ್ಳುವ ಜಾನಿಸ್. ನೆದರ್ಲೆಂಡ್ಸಿನ ಹಸಿರು ಪಕ್ಷದ ಸಂಸದೆ ಆನೆಲೀಸ್ ಹವಾಮಾನ ಸಮ್ಮೇಳನಕ್ಕೆ ಹೊರಟಾಗ ಕೋಟಿನ ಗುಂಡಿ ಕಿತ್ತುಬಂದಿತ್ತು. ಮೂವತ್ತು ವರ್ಷಗಳ ರಾಜಕೀಯದಲ್ಲಿ ಅಂದು ಅಲ್ಲಿ ಮಾಡಬೇಕಿದ್ದದ್ದು ಅವಳ ಕೊನೆಯ ಭಾಷಣ.

"ಕಡಲು ಏರುವುದರ ಬಗ್ಗೆ ಮಾತಾಡಬೇಕು," ಎಂದಳು ಆನೆಲೀಸ್. " ಅಂಕಿಅಂಶ ಕೇಳಿ ಚಪ್ಪಾಳೆ ತಟ್ಟುತ್ತಾರೆ, ಮರೆಯುತ್ತಾರೆ."

ಜಾನಿಸ್ ನೂಲು ಕತ್ತರಿಸಿದಳು. "ನಮ್ಮ ಮನೆ ಕಳೆದ ಮಳೆಗಾಲ ಕಡಲಿಗೆ ಹೋಯ್ತು, ಮೇಡಂ. ಬಾಗಿಲೇ ಇಲ್ಲ, ಆದ್ರೂ ಅಮ್ಮ ಬೀಗದ ಕೀ ಸೊಂಟಕ್ಕೆ ಸಿಕ್ಕಿಸಿಯೇ ಮಲಗುದು."

ಆನೆಲೀಸ್ ಭಾಷಣದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ಇದನ್ನು ನಾನು ಅಲ್ಲಿ ಹೇಳಲೇ? ಯಾವ ಊರು ನಿಮ್ಮದು?"

"ಉಳ್ಳಾಲ."

"ಉಲ್ಲಾಲ."

ಜಾನಿಸ್ ನಾಲಿಗೆ ಮಡಚಿ ತೋರಿಸಿದಳು. ಮೂರನೆಯ ಸಲ ಆ ಪರದೇಶದ ಬಾಯಲ್ಲಿ ಊರಿನ ಹೆಸರು ನೆಟ್ಟಗೆ ಬಂದಾಗ, ಮನೆ ಹೋದ ದಿನವೂ ಅಳದಿದ್ದ ಜಾನಿಸ್ ನಗುತ್ತಲೇ ಅತ್ತುಬಿಟ್ಟಳು.